ಉಸಿರು ಮೊದಲು ಮರಳುತ್ತದೆ, ಹಿಮ್ಮಡಿ ಆಮೇಲೆ

ಮೇಷ್ಟ್ರು ಕೋಷ್ಟಕ ಬರೆದುಕೊಂಡೇ ಬಂದಿದ್ದರು. ನೂರು ಪುಟದ ನೋಟ್‌ಬುಕ್ಕಿನ ಕೊನೆಯ ಹಾಳೆ, ಸ್ಕೇಲಿಟ್ಟು ಎಳೆದ ಗೆರೆಗಳು, ಎಡಗಡೆ ವಾರ, ಬಲಗಡೆ ಪೇಸ್, ಅಂದರೆ ಒಂದು ಕಿಲೋಮೀಟರ್ ಓಡಲು ಹಿಡಿಯುವ ಸಮಯ. ಕಿಲೋಮೀಟರಿಗೆ 7 ನಿಮಿಷ 10 ಸೆಕೆಂಡಿನಿಂದ ಶುರು ಮಾಡಿ ವಾರಕ್ಕೆ ಹತ್ತು ಸೆಕೆಂಡು ಕಳೆಯುತ್ತ ಹೋದರೆ ಹತ್ತನೆಯ ವಾರ 5 ನಿಮಿಷ 30 ಸೆಕೆಂಡು. ಓಟ ನಿಲ್ಲಿಸುವ ಮೊದಲು ಹತ್ತು ಕಿಲೋಮೀಟರನ್ನು 55 ನಿಮಿಷದಲ್ಲಿ ಮುಗಿಸುತ್ತಿದ್ದ ಅವರ ಹಳೆಯ ಪೇಸ್ ಅದು. ನಡುವೆ ಎಂಟು ತಿಂಗಳು ಓಟವಿರಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ತಾಯಿಯ ಕಾಯಿಲೆ. ಐದನೆಯ ವಾರದವರೆಗೆ ಪ್ರತಿ ಸಾಲಿನ ಮುಂದೂ ಕೆಂಪು ಶಾಯಿಯಲ್ಲಿ ಸರಿ ಗುರುತು. ಐದನೆಯದರಲ್ಲಿ 6:20. ಅಲ್ಲಿಂದಾಚೆ ಖಾಲಿ.

"ಲೆಕ್ಕ ಸರಿಯಿದೆಯಲ್ಲ ಮೇಡಂ?" ಎನ್ನುತ್ತ ಬಲಗಾಲಿನ ಕಾಲುಚೀಲ ಕಳಚಿದರು.

ಲೆಕ್ಕ ಸರಿಯೇ ಇತ್ತು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜನ್ನು ಹಿಮ್ಮಡಿಯಿಂದ ಮೂರು ಬೆರಳು ಮೇಲೆ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದಾಗ ಹಗ್ಗಕ್ಕೆ ಗಂಟು ಬಿದ್ದ ಹಾಗೆ ದಪ್ಪಗಿತ್ತು. ಒತ್ತಿದ ಕೂಡಲೇ ಕಾಲು ಹಿಂದಕ್ಕೆಳೆದುಕೊಂಡರು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆ ಕುಂಟುತ್ತಾರೆ, ಆಮೇಲೆ ಸಡಿಲವಾಗುತ್ತದೆ. ಮೇಜಿಗೆ ಎರಡು ಬೆರಳು ತಾಗಿಸಿಕೊಂಡು ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಲು ಹೇಳಿದೆ. ಎಡಗಾಲಿನಲ್ಲಿ 22 ಸಲ ಎತ್ತಿದರು. ಬಲಗಾಲಿನಲ್ಲಿ ಒಂಬತ್ತಕ್ಕೇ ಮೀನಖಂಡ ನಡುಗತೊಡಗಿತು.

ಮೈಸೂರಿನ ನನ್ನ ಫಿಸಿಯೋಥೆರಪಿ ಕೋಣೆಗೆ ಬಿಡುವಿನ ನಂತರ ಓಟಕ್ಕೆ ಮರಳಿದವರು ಮೊದಲ ವಾರ ಬರುವುದು ಅಪರೂಪ. ಬರುವುದು ಹೆಚ್ಚಾಗಿ ನಾಲ್ಕರಿಂದ ಏಳನೆಯ ವಾರದ ನಡುವೆ. ಬಂದವರೆಲ್ಲ ಹೇಳುವುದು ಒಂದೇ ಮಾತು: "ಎಲ್ಲ ಚೆನ್ನಾಗಿ ಹೋಗುತ್ತಿತ್ತು." ಚೆನ್ನಾಗಿ ಹೋಗುತ್ತಿದ್ದುದೇ ತೊಂದರೆ.

ಓಟ ಬಿಟ್ಟ ಎರಡು ಮೂರು ವಾರಗಳಲ್ಲಿ ಮೊದಲು ಇಳಿಯುವುದು ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ. ಆಗ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೆಚ್ಚು ಬಡಿತ ಬೇಕಾಗುತ್ತದೆ. ಹಿಂದೆ ಹಾಡು ಗುನುಗುತ್ತ ಓಡುತ್ತಿದ್ದ ಪೇಸ್‌ನಲ್ಲಿ ಈಗ ಬಾಯಿ ತೆರೆದು ಉಸಿರೆಳೆಯುವುದು ಅದಕ್ಕೇ. ಆದರೆ ಬೇಗ ಹೋದದ್ದು ಬೇಗ ಬರುತ್ತದೆ. ಮತ್ತೆ ಓಡಲು ಶುರು ಮಾಡಿದ ಒಂದೆರಡು ವಾರಗಳಲ್ಲೇ ಪ್ಲಾಸ್ಮಾ ತುಂಬಿಕೊಳ್ಳುತ್ತದೆ, ಪೇಸ್ ತಾನಾಗಿ ಸುಧಾರಿಸುತ್ತದೆ. ಮೇಷ್ಟ್ರ ಮೊದಲ ಮೂರು ಗುರುತುಗಳು ಹೆಚ್ಚಾಗಿ ಇದರ ಕೃಪೆ. ಅದನ್ನು ಅವರು ಸರಳರೇಖೆ ಎಂದು ತಿಳಿದು ಹತ್ತನೆಯ ವಾರದವರೆಗೆ ಎಳೆದುಬಿಟ್ಟರು. ನಿಜದಲ್ಲಿ ಅದು ಮೊದಲು ಕಡಿದಾಗಿ ಏರಿ ಆಮೇಲೆ ಬಾಗುವ ರೇಖೆ.

ಸ್ನಾಯುರಜ್ಜು, ಮೂಳೆಗಳ ಗಡಿಯಾರವೇ ಬೇರೆ. ಮೂಳೆಯ ಒಂದು ಸಣ್ಣ ಭಾಗ ಕರಗಿ ಹೊಸದಾಗಿ ಕಟ್ಟಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಸ್ನಾಯುರಜ್ಜಿಗೆ ರಕ್ತದ ಪೂರೈಕೆ ಕಡಿಮೆ, ಹೊರೆಗೆ ಒಗ್ಗಿಕೊಳ್ಳುವುದೂ ನಿಧಾನ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಅಕಿಲಿಸ್ ಮೇಲೆ ದೇಹತೂಕದ ಹಲವು ಪಟ್ಟು ಎಳೆತ ಬೀಳುತ್ತದೆ, ವೇಗ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಹೀಗಾಗಿ ಐದನೆಯ ವಾರ ಉಸಿರು "ನಾನು ಸಿದ್ಧ" ಎನ್ನುವಾಗ ಹಿಮ್ಮಡಿ ಇನ್ನೂ ಮೊದಲ ಪಾಠದಲ್ಲಿರುತ್ತದೆ. ಕೈಗಡಿಯಾರ ಹೇಳುವುದು ಉಸಿರಿನ ಸುದ್ದಿಯನ್ನು ಮಾತ್ರ.

ಹಾಗಾದರೆ ವೇಗವನ್ನು ಪೂರ್ತಿ ಬಿಟ್ಟು ತಿಂಗಳುಗಟ್ಟಲೆ ನಿಧಾನವಾಗಿ ಓಡಬೇಕೇ? ಈ ಸಲಹೆ ಕೊಡುವವರು ಬಹಳ ಮಂದಿ, ನಾನೂ ಒಂದು ಕಾಲಕ್ಕೆ ಕೊಡುತ್ತಿದ್ದೆ. ಈಗ ಒಪ್ಪುವುದಿಲ್ಲ. ನಿಧಾನದ ಓಟವನ್ನಷ್ಟೇ ಅಭ್ಯಾಸ ಮಾಡಿದ ಕಾಲಿಗೆ ಮೂರು ತಿಂಗಳ ಮೇಲೆ ಏಕಾಏಕಿ ವೇಗ ಕೊಟ್ಟರೆ ಅದೂ ಪೆಟ್ಟೇ. ವೇಗ ಮೊದಲಿನಿಂದಲೇ ಇರಲಿ, ಚಿಟಿಕೆಯಷ್ಟು.

ಆ ಚಿಟಿಕೆಯನ್ನು ಓಟಗಾರರು ಸ್ಟ್ರೈಡ್ಸ್ ಎನ್ನುತ್ತಾರೆ. ನೋವಿಲ್ಲದವರು ಮೂರನೆಯ ವಾರದಿಂದ, ವಾರಕ್ಕೆ ಎರಡು ದಿನ, ನಿಧಾನದ ಓಟ ಮುಗಿದ ಮೇಲೆ ಮಾಡಬಹುದು. ಕುಕ್ಕರಹಳ್ಳಿ ಕೆರೆ ಏರಿಯ ಸಮತಟ್ಟಾದ ಮಣ್ಣುಹಾದಿಯಂಥ ಜಾಗ ಸಾಕು. ಮೆಲ್ಲಗೆ ಹೊರಟು, ವೇಗ ಹೆಚ್ಚಿಸುತ್ತ, ಕೊನೆಗೆ ಜೋರಾಗಿ, ಆದರೆ ಹಲ್ಲು ಕಚ್ಚದೆ, 15ರಿಂದ 20 ಸೆಕೆಂಡು ಓಡಿ. ಆಮೇಲೆ ಉಸಿರು ಪೂರ್ತಿ ಹತೋಟಿಗೆ ಬರುವವರೆಗೆ ನಡೆಯಿರಿ. ಇಂಥವು ನಾಲ್ಕು. ಒಟ್ಟು ವೇಗದ ಓಟ ಒಂದು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಕಾಲು ಬೇಗ ಎತ್ತಿ ಬೇಗ ಇಡುವ ಲಯ ನರಗಳಿಗೆ ನೆನಪಾಗಲು ಅಷ್ಟು ಸಾಕು, ಸ್ನಾಯುರಜ್ಜಿಗೂ ತಾಳಿಕೊಳ್ಳುವಷ್ಟೇ ಪಾಲು.

ಉಳಿದ ಓಟವೆಲ್ಲ ನಿಧಾನ. ಎಷ್ಟು ನಿಧಾನ ಎಂದು ಮೇಷ್ಟ್ರು ಕೇಳಿದಾಗ, "ಓಡುತ್ತ ಹದಿನಾಲ್ಕರ ಮಗ್ಗಿಯನ್ನು ಉಸಿರು ಕಟ್ಟದೆ ಹೇಳುವಷ್ಟು" ಎಂದೆ. ಅವರಿಗೆ ಅವಮಾನವಾದಂತಿತ್ತು. ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದರು. ಕಿಲೋಮೀಟರಿಗೆ ಸರಾಸರಿ 2 ನಿಮಿಷ 52 ಸೆಕೆಂಡು. ಸಲೀಸು ಓಟದ ದಿನಗಳಲ್ಲಿ ಅವರು ಅದಕ್ಕಿಂತ ಕಿಲೋಮೀಟರಿಗೆ ಒಂದು ನಿಮಿಷಕ್ಕೂ ಹೆಚ್ಚು ನಿಧಾನ. ನಮ್ಮವರಿಗೆ ಮಾತ್ರ ದಿನವೂ ಆ್ಯಪಿನಲ್ಲಿ ಗೆಳೆಯರ ಮುಂದೆ ಮರ್ಯಾದೆ ಉಳಿಯಬೇಕು.

ಏಳೆಂಟನೆಯ ವಾರಕ್ಕೆ, ನೋವಿಲ್ಲದಿದ್ದರೆ, ವಾರದಲ್ಲಿ ಒಂದು ದಿನ ಒಂದು ನಿಮಿಷ ಬೇಗ, ಎರಡು ನಿಮಿಷ ನಿಧಾನ, ಹೀಗೆ ಆರು ಸಲ. ಮುಂದೆ ಸತತ ಹತ್ತು ನಿಮಿಷ, ಒಂದು ಸಣ್ಣ ವಾಕ್ಯವಷ್ಟೇ ಆಡಲು ಸಾಧ್ಯವಾಗುವ ವೇಗದಲ್ಲಿ. ಚಾಮುಂಡಿ ಬೆಟ್ಟದ ರಸ್ತೆಯನ್ನು ಏರುವುದು ಒಳ್ಳೆಯ ಕಸರತ್ತು ನಿಜ, ಆದರೆ ಹಿಮ್ಮಡಿ ನೋವಿರುವವರಿಗೆ ಅಲ್ಲ. ಏರಿನಲ್ಲಿ ಮೊಣಕಾಲಿನ ಹೊರೆ ತಗ್ಗಿದರೂ ಮೀನಖಂಡ ಮತ್ತು ಅಕಿಲಿಸ್‌ಗೆ ದುಡಿಮೆ ಹೆಚ್ಚು. ಇಳಿಯುವಾಗ ಓಡಲೇಬೇಡಿ, ತೊಡೆ ಎರಡು ದಿನ ಮೆಟ್ಟಿಲು ಇಳಿಯಲು ಬಿಡುವುದಿಲ್ಲ.

ದೂರದ ವಿಷಯದಲ್ಲಿ ಒಂದೇ ಎಚ್ಚರಿಕೆ. ಯಾವುದೇ ಒಂದು ಓಟ, ಕಳೆದ ಮೂವತ್ತು ದಿನಗಳಲ್ಲಿ ನೀವು ಓಡಿದ ಅತಿ ಉದ್ದದ ಓಟಕ್ಕಿಂತ ಶೇಕಡ ಹತ್ತಕ್ಕಿಂತ ಹೆಚ್ಚಾಗದಿರಲಿ. ಹೋದ ವರ್ಷದ ಹಾಫ್ ಮ್ಯಾರಥಾನ್ ಈ ಲೆಕ್ಕಕ್ಕೆ ಬಾರದು. ಸ್ವಲ್ಪ ಕೆದಕಿದ ಮೇಲೆ ಮೇಷ್ಟ್ರ ಬಾಯಿಂದಲೂ ಹೊರಬಂತು: ಐದನೆಯ ವಾರದ ಭಾನುವಾರ, ಎಂಟು ಕಿಲೋಮೀಟರ್ ಎಂದು ಹೊರಟವರು ಗೆಳೆಯರ ಜೊತೆ ಹದಿಮೂರು ಓಡಿದ್ದರು. ಕೋಷ್ಟಕದಲ್ಲಿ ದೂರಕ್ಕೆ ಅಂಕಣವೇ ಇರಲಿಲ್ಲ!

ಅವರಿಗೆ ಕೊಟ್ಟ ಮದ್ದು ಹಿಮ್ಮಡಿ ಎತ್ತುವುದೇ. ದಿನ ಬಿಟ್ಟು ದಿನ, ಮೂರು ಸೆಕೆಂಡು ಏರಿ ಮೂರು ಸೆಕೆಂಡು ಇಳಿಯುವುದು. ಒಮ್ಮೆ ಮೊಣಕಾಲು ನೇರ ಇಟ್ಟು, ಒಮ್ಮೆ ತುಸು ಬಾಗಿಸಿ. ಬಾಗಿಸಿದಾಗ ಮೀನಖಂಡದ ಒಳಪದರದ ಸ್ನಾಯುವಿಗೆ ಹೆಚ್ಚು ಕೆಲಸ, ದೂರದ ಓಟದಲ್ಲಿ ಹೆಚ್ಚು ದುಡಿಯುವುದೂ ಅದೇ. ಮೂರನೆಯ ವಾರದಿಂದ ಬೆನ್ನಿಗೆ ಚೀಲ, ಚೀಲದಲ್ಲಿ ತಿದ್ದಬೇಕಾದ ನೋಟ್‌ಬುಕ್ಕುಗಳು. ಹೊಸ ಬೂಟು ಕೊಳ್ಳಲೇ ಎಂದು ಕೇಳಿದರು. ಕಾರ್ಬನ್ ಪಟ್ಟಿಯ ದುಬಾರಿ ಬೂಟು ಈ ಹಂತದಲ್ಲಿ ಬೇಡವೆಂದೆ.

ಇನ್ನು, ಬಿಡುವಿಗೆ ಕಾಯಿಲೆ ಕಾರಣವಾಗಿದ್ದರೆ ಮಾತು ಬೇರೆ. ಡೆಂಗಿ, ಚಿಕುನ್‌ಗುನ್ಯದಿಂದ ಎದ್ದವರು, ಓಡುವಾಗ ಎದೆನೋವು ಅಥವಾ ತಲೆಸುತ್ತು ಬಂದವರು ಮೊದಲು ವೈದ್ಯರನ್ನು ಕಾಣಬೇಕು. ಹೆರಿಗೆಯಾದವರು ಕನಿಷ್ಠ ಹನ್ನೆರಡು ವಾರ ಕಾಯುವುದು ಒಳ್ಳೆಯದು.

ಮೇಷ್ಟ್ರ ಚಿಕಿತ್ಸೆ ಶುರುವಾಗಿ ಈಗ ಹದಿನಾಲ್ಕು ವಾರ. ಹಿಮ್ಮಡಿ ಎತ್ತುವುದರಲ್ಲಿ ಬಲಗಾಲು ಹತ್ತೊಂಬತ್ತಕ್ಕೆ ಬಂದಿದೆ. ಕಳೆದ ಭಾನುವಾರ ಐದು ಕಿಲೋಮೀಟರನ್ನು 5 ನಿಮಿಷ 52 ಸೆಕೆಂಡಿನ ಪೇಸ್‌ನಲ್ಲಿ ಓಡಿದರಂತೆ. 5:30 ಇನ್ನೂ ದೂರವಿದೆ. ನೋಟ್‌ಬುಕ್ಕಿನಲ್ಲಿ ಹೊಸ ಕೋಷ್ಟಕ ಬಂದಿದೆ. ಪೇಸ್ ಕೊನೆಯ ಅಂಕಣಕ್ಕೆ ಸರಿದಿದೆ. ಮೊದಲ ಅಂಕಣದಲ್ಲಿ ಆಯಾ ದಿನ ಬೆಳಿಗ್ಗೆ ಬಚ್ಚಲಿಗೆ ಎಷ್ಟು ಹೆಜ್ಜೆ ಕುಂಟಿದರು ಎಂಬ ಲೆಕ್ಕ: 10, 10, 8, 6, 6, 3. ಕೆಳಗೆ ಎರಡು ಸೊನ್ನೆ, ಆಮೇಲೆ ಮತ್ತೊಂದು 4. "ಹಿಂದಿನ ದಿನ ಮದುವೆ ಮನೆಯಲ್ಲಿ ನಿಂತದ್ದು ಮೇಡಂ" ಎಂದರು, ನಾನು ಕೇಳುವ ಮೊದಲೇ.