ಮೋಜಣಿಯ ದಿನ ಹೊಲದಲ್ಲಿರಿ

ಪುಣೆಯ ನನ್ನ ಕಚೇರಿಗೆ ಭೂಸ್ವಾಧೀನದ ನೋಟಿಸ್ ಹಿಡಿದು ಬರುವ ಕನ್ನಡಿಗರಲ್ಲಿ ಹಲವರು ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದು, ಜೀವಮಾನದ ಉಳಿತಾಯದಲ್ಲಿ ಪುಣೆ ಜಿಲ್ಲೆಯ ಹವೇಲಿ ತಾಲ್ಲೂಕಿನಲ್ಲೋ ಪುರಂದರ ತಾಲ್ಲೂಕಿನಲ್ಲೋ ಒಂದೆರಡು ಎಕರೆ ಕೊಂಡವರು. ಎಕರೆಗೆ ಎಷ್ಟು ಸಿಗುತ್ತದೆ ಎಂಬುದು ಅವರ ಮೊದಲ ಪ್ರಶ್ನೆ. ಜಂಟಿ ಮೋಜಣಿಯ ದಿನ, ಅಂದರೆ ಅಧಿಕಾರಿಗಳು ಬಂದು ಜಮೀನು ಅಳೆಯುವ ದಿನ, ಹೊಲದಲ್ಲಿದ್ದಿರಾ ಎಂಬುದು ನನ್ನದು.

2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ಸರ್ಕಾರಿ ದರ, ಅಂದರೆ ರೆಡಿ ರೆಕನರ್ ದರ, ಹಿಂದಿನ ಮೂರು ವರ್ಷಗಳ ಸುತ್ತಲಿನ ಖರೀದಿಪತ್ರಗಳಲ್ಲಿ ಹೆಚ್ಚು ಬೆಲೆ ತೋರಿಸಿದ ಅರ್ಧದಷ್ಟು ಪತ್ರಗಳ ಸರಾಸರಿ ಬೆಲೆ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಮಾರುಕಟ್ಟೆ ಬೆಲೆ ಎಂದು ಹಿಡಿಯಬೇಕು. ಗ್ರಾಮೀಣ ಜಮೀನಾದರೆ ಅದನ್ನು ರಾಜ್ಯ ಗೊತ್ತುಮಾಡಿದ, 1ರಿಂದ 2ರ ನಡುವಿನ ಗುಣಕದಿಂದ ಗುಣಿಸುತ್ತಾರೆ. ಅದಕ್ಕೆ ಮರ, ಬಾವಿ, ಮನೆಯ ಬೆಲೆ ಸೇರಿಸಿ, ಬಂದ ಒಟ್ಟು ಮೊತ್ತದಷ್ಟೇ ಇನ್ನೊಂದು ಮೊತ್ತವನ್ನು ಸೊಲೇಶಿಯಂ, ಅಂದರೆ ಸಾಂತ್ವನ ಧನ, ಎಂದು ಕೊಡುತ್ತಾರೆ. ಹೀಗಾಗಿ ಮೋಜಣಿಯ ದಿನ ಸ್ಥಳದಲ್ಲೇ ಬರೆಯುವ ದಾಖಲೆಯಾದ ಪಂಚನಾಮೆಯಲ್ಲಿ ಒಂದು ಲಕ್ಷದ ಬಾವಿ ಬಿಟ್ಟುಹೋದರೆ ರೈತ ಕಳೆದುಕೊಳ್ಳುವುದು ಎರಡು ಲಕ್ಷ. ಈ ಸರಳ ಗಣಿತವನ್ನು ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ, ಅದು ನನಗೆ ಪ್ರತಿ ಸಲವೂ ಸಂಕಟದ ವಿಷಯ.

ಪುರಂದರದ ಅಂಜೂರ, ಸೀತಾಫಲ ಹೆಸರಾದವು. ಅಲ್ಲಿ ಜಮೀನಿದ್ದ ನಿವೃತ್ತ ಕಾರ್ಮಿಕರೊಬ್ಬರು ನನಗೆ ತೋರಿಸಿದ ಪಂಚನಾಮೆಯಲ್ಲಿ ಫಲ ಕೊಡುತ್ತಿದ್ದ ನಲವತ್ತು ಅಂಜೂರದ ಗಿಡಗಳು ‘ಇತರ ಝಾಡ’ (ಬೇರೆ ಮರಗಳು) ಎಂಬ ಎರಡು ಪದಗಳಲ್ಲಿ ಮುಗಿದಿದ್ದವು, ಬೋರ್‌ವೆಲ್ಲಿನ ಮಾತೇ ಇರಲಿಲ್ಲ. ಅಳತೆಯ ದಿನ ಅವರು ಆಸ್ಪತ್ರೆಯಲ್ಲಿದ್ದರು. ಮರಗಳ ಬೆಲೆ ಕಟ್ಟಲು ತೋಟಗಾರಿಕೆ ಬಲ್ಲವರ ನೆರವು ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಕಾಗದದಲ್ಲಿ ಅಂಜೂರವೇ ಇಲ್ಲದಿದ್ದರೆ ಬಲ್ಲವರು ಯಾವುದಕ್ಕೆ ಬೆಲೆ ಕಟ್ಟಬೇಕು?

ಪುಣ್ಯಕ್ಕೆ ಅವರು ಹಣ ಪಡೆಯುವ ಮೊದಲೇ ಬಂದಿದ್ದರು. ಹಣ ಬೇಡವೆನ್ನುವ ಅಗತ್ಯವಿಲ್ಲ, ಆದರೆ ರಸೀದಿಯಲ್ಲಿ ‘ಆಕ್ಷೇಪ ಕಾಯ್ದಿರಿಸಿ ಸ್ವೀಕರಿಸಿದ್ದೇನೆ’, ಅಂದರೆ ಅಂಡರ್ ಪ್ರೊಟೆಸ್ಟ್, ಎಂದು ಬರೆಯಲೇಬೇಕು. ಅದಿಲ್ಲದೆ ಪಡೆದವರಿಗೆ 64ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಉಳಿಯುವುದಿಲ್ಲ. ಅವಾರ್ಡ್, ಅಂದರೆ ಪರಿಹಾರದ ಆದೇಶ, ಹೇಳುವಾಗ ಹಾಜರಿದ್ದವರು ಆರು ವಾರದೊಳಗೆ ಅರ್ಜಿ ಕೊಡಬೇಕು. ಬ್ಯಾಂಕಿನ ಮುಂದೆ ಸಂಭ್ರಮದಲ್ಲಿ ನಿಂತವರಿಗೆ ಆರು ವಾರ ಬೇಗ ಕಳೆಯುತ್ತದೆ.

ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಿನ ದಾರಿ ಬೇರೆ. ಅಲ್ಲಿ ತಕರಾರು ಮಧ್ಯಸ್ಥರ ಮುಂದೆ ಹೋಗುತ್ತದೆ. ಹೆದ್ದಾರಿಗೆ ಜಮೀನು ಕಳೆದುಕೊಂಡವರಿಗೂ ಸೊಲೇಶಿಯಂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆ ಹಿರಿಯರ ಅರ್ಜಿಗೆ ನಾವು ನರ್ಸರಿಯ ಹಳೆಯ ರಸೀದಿ, ಬೋರ್‌ವೆಲ್ಲಿನ ವಿದ್ಯುತ್ ಬಿಲ್ಲು, ಮತ್ತೆ ಮಗಳ ನಿಶ್ಚಿತಾರ್ಥದ ಒಂದು ಫೋಟೋ ಲಗತ್ತಿಸಿದೆವು. ಅದರಲ್ಲಿ ನೆಂಟರ ಬೆನ್ನ ಹಿಂದೆ ಅಂಜೂರದ ಸಾಲು, ಕಾಯಿ ಸಮೇತ, ಎಣಿಸುವಷ್ಟು ಸ್ಪಷ್ಟವಾಗಿ ನಿಂತಿದೆ.