ಹಾರ್ಮೋನ್ ಮಾತ್ರೆ ತಗೊಂಡರೂ ಎಂಡೋಮೆಟ್ರಿಯೋಸಿಸ್ ನೋವು ಯಾಕೆ ಹೋಗಲ್ಲ?

ಸ್ಕ್ಯಾನಿಂಗ್‌ನಲ್ಲಿ ‘ಚಾಕೊಲೇಟ್ ಸಿಸ್ಟ್’ (ಈ ಕಾಯಿಲೆಯಿಂದ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಗಡ್ಡೆ) ಅಂತ ಬಂದಿರುವ ಹೆಣ್ಣುಮಕ್ಕಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಎಂಡೋಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. ತಿಂಗಳುಗಟ್ಟಲೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರ ಕೆಲಸ ಮಾಡುವ ಹಾರ್ಮೋನ್) ಮಾತ್ರೆ ನುಂಗಿರುತ್ತಾರೆ, ನೋವು ಹಾಗೇ ಇರುತ್ತದೆ. ಸರಿಯಾಗಿ ತಗೊಂಡಿಲ್ಲ ಅಂತ ಮನೆಯವರು ಅವರನ್ನೇ ಬೈಯುತ್ತಾರೆ. ದಯವಿಟ್ಟು ಬೈಯಬೇಡಿ, ಕಾರಣ ಜೀವಕೋಶದೊಳಗೇ ಇರಬಹುದು.

ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ ಹರಿದು ಗರ್ಭನಾಳದ ಮೂಲಕ ಹೊಟ್ಟೆಯೊಳಗೆ ಬೀಳುತ್ತದೆ, ಅದರಲ್ಲಿರುವ ಗರ್ಭಕೋಶದ ಒಳಪದರದ ಚೂರುಗಳು ಅಲ್ಲೇ ಅಂಟಿಕೊಂಡು ಬೆಳೆಯುತ್ತವೆ ಅಂತ 1920ರ ದಶಕದಲ್ಲೇ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಹೇಳಿದ್ದರು. ಆದರೆ ಹೀಗೆ ಹಿಂದಕ್ಕೆ ಹರಿಯುವುದು ಬಹುತೇಕ ಎಲ್ಲರಲ್ಲೂ ಆಗುತ್ತದೆ. ಕಾಯಿಲೆ ಬರುವುದು ಸುಮಾರು 10 ಜನರಲ್ಲಿ ಒಬ್ಬರಿಗೆ ಮಾತ್ರ. ಹಾಗಾದರೆ ಆ ಚೂರುಗಳಲ್ಲೇ ಏನೋ ಬೇರೆ ಇರಬೇಕು, ಅಲ್ವಾ?

ಇದೆ. ಆರೋಗ್ಯವಾಗಿರುವ ಒಳಪದರ ಈಸ್ಟ್ರೋಜನ್‌ಗಾಗಿ ಅಂಡಾಶಯವನ್ನು ನಂಬಿಕೊಂಡಿರುತ್ತದೆ. ಹೊರಗೆ ಬೆಳೆದ ಈ ಅಂಗಾಂಶದಲ್ಲಿ ಮಾತ್ರ ಅರೋಮಟೇಸ್ ಎಂಬ ಕಿಣ್ವ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಅದು ತನಗೆ ಬೇಕಾದ ಈಸ್ಟ್ರೋಜನ್ ತಾನೇ ತಯಾರಿಸಿಕೊಳ್ಳುತ್ತದೆ. ಈಸ್ಟ್ರೋಜನ್ ಏರಿದರೆ ಕಾಕ್ಸ್-2 ಎಂಬ ಇನ್ನೊಂದು ಕಿಣ್ವ ಚುರುಕಾಗಿ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ಹೆಚ್ಚುತ್ತದೆ, ನೋವು, ಊತ ಕೆರಳುವುದು ಇದರಿಂದಲೇ, ಸಾಲದ್ದಕ್ಕೆ ಇದೇ ಪ್ರೊಸ್ಟಾಗ್ಲಾಂಡಿನ್ ಮತ್ತೆ ಅರೋಮಟೇಸನ್ನು ಎಬ್ಬಿಸುತ್ತದೆ. ಷಿಕಾಗೋದ ಸಂಶೋಧಕ ಸೆರ್ದಾರ್ ಬುಲುನ್ ಅವರ ತಂಡ ಈ ಸುತ್ತನ್ನು ವರ್ಷಾನುಗಟ್ಟಲೆ ಕೂತು ಬಿಡಿಸಿದೆ. ಮೆಫೆನಾಮಿಕ್ ಆ್ಯಸಿಡ್‌ನಂಥ ನೋವಿನ ಮಾತ್ರೆ ತಡೆಯುವುದು ಈ ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದನ್ನೇ. ಅದಕ್ಕೇ ನೋವು ತಾರಕಕ್ಕೇರುವ ತನಕ ಕಾಯದೆ ಶುರುವಿನಲ್ಲೇ ತಗೊಳ್ಳಿ ಅನ್ನುವುದು.

ಇನ್ನು ಪ್ರೊಜೆಸ್ಟಿನ್. ಅದರ ಮಾತು ಕೇಳಿಸಿಕೊಳ್ಳಬೇಕಾದ ಗ್ರಾಹಕಗಳು (ರಿಸೆಪ್ಟರ್), ಅದರಲ್ಲೂ ಪಿಆರ್-ಬಿ ಎಂಬುದು, ಈ ಕೋಶಗಳಲ್ಲಿ ತೀರಾ ಕಡಿಮೆ. ಬಾಗಿಲು ತಟ್ಟುವವರಿದ್ದಾರೆ, ತೆಗೆಯುವವರಿಲ್ಲ. ಎಷ್ಟೋ ಜನರಿಗೆ ಪ್ರೊಜೆಸ್ಟಿನ್ ಮಾತ್ರೆಯಾದ ಡೈನೊಜೆಸ್ಟ್‌ನಿಂದ ಚೆನ್ನಾಗಿ ಆರಾಮ ಸಿಗುತ್ತದೆ, ಕೆಲವರಿಗೆ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಅರೋಮಟೇಸ್ ತಡೆಯುವ ಲೆಟ್ರೊಜೋಲ್ ಎಂಬ ಮಾತ್ರೆ ಇದೆ, ಆದರೆ ಇನ್ನೂ ಮುಟ್ಟಾಗುತ್ತಿರುವವರಿಗೆ ಅದೊಂದನ್ನೇ ಕೊಟ್ಟರೆ ಅಂಡಾಶಯ ಕೆರಳುತ್ತದೆ, ಬೇರೆ ಹಾರ್ಮೋನ್ ಜೊತೆಗೇ ಕೊಡಬೇಕು.

2023ರಲ್ಲಿ 60,674 ರೋಗಿಗಳ ವಂಶವಾಹಿಗಳನ್ನು ನೋಡಿದ ಅಧ್ಯಯನದಲ್ಲಿ ಕಾಯಿಲೆಗೆ ನಂಟಿರುವ 42 ಜಾಗಗಳು ಸಿಕ್ಕವು. ಮೈಗ್ರೇನ್, ಬೆನ್ನುನೋವಿನ ಜೊತೆ ಹಂಚಿಕೊಂಡ ಅಂಶಗಳೂ ಕಂಡವು. ‘ಎಲ್ಲರಿಗೂ ಇರೋದೇ, ಮದುವೆಯಾದ್ರೆ ಸರಿಹೋಗುತ್ತೆ’ ಅನ್ನುವವರಿಗೆ ಇದನ್ನು ಹೇಳಿ. ನನಗೆ ಬೇಜಾರಿನ ವಿಷಯ ಅಂದರೆ ಆ ಅಧ್ಯಯನದಲ್ಲಿದ್ದವರು ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ನಮ್ಮವರ ಮಾಹಿತಿ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಮುಂಬೈನ ಸಂಸ್ಥೆ ಭಾರತದ ಹೆಣ್ಣುಮಕ್ಕಳ ಮೇಲೇ ಇಂಥ ಸಂಶೋಧನೆ ಕೈಗೆತ್ತಿಕೊಂಡಿದೆ. ಅದರ ಫಲ ಸಿಗುವವರೆಗೆ, ಒಂದು ಮಾತ್ರೆ ಕೆಲಸ ಮಾಡದಿದ್ದರೆ ಸುಮ್ನೆ ಸಹಿಸಿಕೊಳ್ಳಬೇಡಿ, ವಾಪಸ್ ಬಂದು ಹೇಳಿ, ಬೇರೆ ದಾರಿಗಳಿವೆ.