ಕಬ್ಬಿಣ ಹೊದ್ದ ಹಡಗುಗಳು: ಹ್ಯಾಂಪ್ಟನ್ ರೋಡ್ಸ್ ಕಾಳಗದ ಟಿಪ್ಪಣಿ

"1862ರಲ್ಲಿ ಅಮೆರಿಕದಲ್ಲಿ ಕಬ್ಬಿಣದ ಯುದ್ಧನೌಕೆ ಹುಟ್ಟಿತು" ಅಂತ ನಾನು ಮೊದಲು ಬರೆದುಕೊಂಡಿದ್ದೆ. ಆಮೇಲೆ ಆ ಸಾಲನ್ನು ಹೊಡೆದುಹಾಕಿದೆ. ಅದಕ್ಕೂ ಮುಂಚೆ, 1859ರಲ್ಲೇ, ಫ್ರಾನ್ಸ್ ಗ್ಲುವಾರ್ ಎಂಬ ಹಡಗನ್ನು ನೀರಿಗಿಳಿಸಿತ್ತು. ಮರದ ಹಡಗು, ಮೈಮೇಲೆ ಕಬ್ಬಿಣದ ಹೊದಿಕೆ. ಮರುವರ್ಷ ಬ್ರಿಟನ್ ವಾರಿಯರ್ ಅನ್ನು ಇಳಿಸಿತು. ಇದರ ಒಡಲೇ ಕಬ್ಬಿಣ. ಅದರ ಮೇಲೆ 18 ಇಂಚು ತೇಗ, ತೇಗದ ಮೇಲೆ ಮತ್ತೆ ನಾಲ್ಕೂವರೆ ಇಂಚು ಕಬ್ಬಿಣದ ಫಲಕ. ಇಂಥ ಹಡಗುಗಳಿಗೇ ಐರನ್‌ಕ್ಲ್ಯಾಡ್ ಅನ್ನುವುದು.

ಇಷ್ಟೊಂದು ಭಾರ ಹೊರುವ ಗರಜು ಯಾಕೆ ಬಂತು? ಕಾರಣ ಗುಂಡಿನಲ್ಲಿದೆ. ಹಳೇ ಕಾಲದ ಫಿರಂಗಿ ಗುಂಡು ಗಟ್ಟಿ ಉಂಡೆ. ಮರಕ್ಕೆ ತೂತು ಬೀಳುತ್ತಿತ್ತು, ಬಡಗಿ ಬಂದು ಬೆಣೆ ಹೊಡೆದು ಮುಚ್ಚುತ್ತಿದ್ದ. ಆಮೇಲೆ ಒಳಗೆ ಮದ್ದು ತುಂಬಿದ ಶೆಲ್ ಬಂತು. ಅದು ಮರದೊಳಗೆ ನುಗ್ಗಿ ಸಿಡಿಯುತ್ತಿತ್ತು, ಬೆಂಕಿ ಹತ್ತಿಸುತ್ತಿತ್ತು. 1853ರ ನವೆಂಬರ್ 30ರಂದು ಕಪ್ಪು ಸಮುದ್ರದ ಸಿನೋಪ್ ಬಂದರಿನಲ್ಲಿ ರಷ್ಯಾದ ಶೆಲ್‌ಗಳಿಗೆ ತುರ್ಕಿಯ ನೌಕಾಪಡೆಯ ಒಂದು ತುಕಡಿ ಸುಟ್ಟುಹೋಯಿತು. ಎರಡು ವರ್ಷ ಕಳೆದು ರಷ್ಯಾದ ಕಿನ್‌ಬರ್ನ್ ಕೋಟೆಯ ಮುಂದೆ ಫ್ರಾನ್ಸ್‌ನ ಮೂರು ತೇಲುವ ಕಬ್ಬಿಣದ ಫಿರಂಗಿ ದೋಣಿಗಳು ಏಟಿನ ಮೇಲೆ ಏಟು ತಿಂದರೂ ಅಲುಗಾಡಲಿಲ್ಲ. ಅಂದರೆ ಮೊದಲು ಶೆಲ್, ಆಮೇಲೆ ಕಬ್ಬಿಣ. ಈ ಕ್ರಮ ತಲೆಯಲ್ಲಿದ್ದರೆ ಉಳಿದದ್ದು ಸಲೀಸು.

ಈಗ ಹ್ಯಾಂಪ್ಟನ್ ರೋಡ್ಸ್‌ಗೆ ಬರೋಣ. ಹೆಸರಲ್ಲಿ ರೋಡ್ಸ್ ಇದೆ ಅಂತ ರಸ್ತೆ ಅಂದುಕೊಳ್ಳಬೇಡಿ, ಅದು ವರ್ಜೀನಿಯಾ ಕರಾವಳಿಯಲ್ಲಿ ಹಡಗುಗಳು ಲಂಗರು ಹಾಕುವ ಜಾಗ. ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡೆದ ಅಮೆರಿಕದ ಅಂತರ್ಯುದ್ಧದ ಸಮಯ. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರು. ಉತ್ತರದವರೇ ಸುಟ್ಟು ಬಿಟ್ಟುಹೋಗಿದ್ದ ಮೆರಿಮ್ಯಾಕ್ ಹಡಗನ್ನು ದಕ್ಷಿಣದವರು ನೀರಿಂದ ಮೇಲೆತ್ತಿದರು, ಕಬ್ಬಿಣ ಹೊದಿಸಿ ವರ್ಜೀನಿಯಾ ಅಂತ ಹೊಸ ಹೆಸರಿಟ್ಟರು. ಕೆಲವು ಪುಸ್ತಕಗಳಲ್ಲಿ ಮೆರಿಮ್ಯಾಕ್, ಕೆಲವದರಲ್ಲಿ ವರ್ಜೀನಿಯಾ ಅಂತಿರುತ್ತದೆ. ಎರಡೂ ಒಂದೇ. ನಾನು ಎರಡು ಬೇರೆ ಹಡಗು ಅಂದುಕೊಂಡು ಒಂದು ಸಂಜೆ ಪೂರ್ತಿ ಹಾಳುಮಾಡಿಕೊಂಡಿದ್ದೆ.

ನೋಡಲು ಅದು ಹೇಗಿತ್ತು? ನೆರೆ ಬಂದಾಗ ಹೆಂಚಿನ ಮನೆ ಮುಳುಗಿ ಮಾಡು ಮಾತ್ರ ಕಾಣುತ್ತದಲ್ಲ, ಹಾಗೆ. ಗುಂಡು ತಾಗಿದರೂ ಜಾರಿಹೋಗಲಿ ಅಂತ ಗೋಡೆಗಳನ್ನು ಇಳಿಜಾರಾಗಿ ಕಟ್ಟಿದ್ದರು. 4 ಇಂಚು ಕಬ್ಬಿಣ, ಅದರ ಹಿಂದೆ ಸುಮಾರು 2 ಅಡಿ ಮರ, ಒಳಗೆ 10 ಫಿರಂಗಿ. ಮೂತಿಗೆ ಕಬ್ಬಿಣದ ಕೊಕ್ಕಿನಂಥ ರ‍್ಯಾಮ್. ರ‍್ಯಾಮ್ ಅಂದರೆ ಟಗರು, ಅದರ ಕೆಲಸವೂ ಟಗರಿನದೇ. ಆದರೆ ಎಂಜಿನ್ ಹಳೇದು, ಹಡಗು ಸರಿಯಾಗಿ ತಿರುಗಲು ಅರ್ಧ ಗಂಟೆಗೂ ಜಾಸ್ತಿ ಬೇಕಿತ್ತು.

1862ರ ಮಾರ್ಚ್ 8ರಂದು ಈ ಟಗರು ಹೊರಬಿತ್ತು. ಕಂಬರ್‌ಲ್ಯಾಂಡ್ ಎಂಬ ಮರದ ಹಡಗಿಗೆ ಗುದ್ದಿ ಮುಳುಗಿಸಿತು. ರ‍್ಯಾಮ್ ಮುರಿದು ಅಲ್ಲೇ ಉಳಿಯಿತು. ಕಾಂಗ್ರೆಸ್ ಎಂಬ ಇನ್ನೊಂದು ಹಡಗು ಬೆಂಕಿಗೆ ಆಹುತಿಯಾಯಿತು. ಎರಡರಲ್ಲೂ ಸೇರಿ 200ಕ್ಕೂ ಹೆಚ್ಚು ಜನ ಸತ್ತರು. ಮರದ ಹಡಗುಗಳು ಹಾರಿಸಿದ ಗುಂಡುಗಳು ವರ್ಜೀನಿಯಾದ ಕಬ್ಬಿಣವನ್ನು ಸೀಳಲಿಲ್ಲ. ಮರ ಸೋತದ್ದು ಈ ದಿನ, ಮರುದಿನವಲ್ಲ. ಪರೀಕ್ಷೆಯಲ್ಲಿ ತುಂಬ ಜನ ತಪ್ಪುವುದು ಇಲ್ಲೇ.

ಆ ರಾತ್ರಿಯೇ ಉತ್ತರದವರ ಮಾನಿಟರ್ ಬಂದು ಸೇರಿತು. ಸ್ವೀಡನ್ ಮೂಲದ ಜಾನ್ ಎರಿಕ್‌ಸನ್‌ನ ವಿನ್ಯಾಸ, ಸುಮಾರು 100 ದಿನದಲ್ಲಿ ಕಟ್ಟಿದ ಹಡಗು. ಡೆಕ್ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಮೇಲಷ್ಟೇ. ಮಧ್ಯೆ ಒಂದು ದುಂಡನೆ ಡಬ್ಬ. ನೋಡಿದವರು ತೆಪ್ಪದ ಮೇಲಿಟ್ಟ ಚೀಸ್ ಡಬ್ಬ ಅಂತ ನಕ್ಕರು. ಆ ಡಬ್ಬವೇ ಟರೆಟ್. ಒಂದೊಂದು ಇಂಚಿನ 8 ಪದರ ಕಬ್ಬಿಣ, ಒಳಗಡೆ 20 ಅಡಿ ಅಗಲ, 11 ಇಂಚು ಬಾಯಿಯ ಎರಡು ಫಿರಂಗಿ. ಹಡಗು ಎತ್ತ ಮುಖ ಮಾಡಿದ್ದರೂ ಉಗಿಯಂತ್ರದಿಂದ ಟರೆಟ್ಟನ್ನು ತಿರುಗಿಸಿ ಗುರಿ ಇಡಬಹುದಿತ್ತು. ಹಿಂದೆ ಗುರಿ ಇಡಬೇಕಾದರೆ ಇಡೀ ಹಡಗನ್ನೇ ತಿರುಗಿಸಬೇಕಿತ್ತು.

ಕೇಳಲು ಚೆನ್ನಾಗಿದೆ, ಅಲ್ವಾ? ಒಳಗಿದ್ದವರ ಪಾಡು ಬೇರೆ. ತಿರುಗಲು ಶುರುವಾದ ಟರೆಟ್ ಬೇಕಾದ ಕಡೆ ನಿಲ್ಲುತ್ತಿರಲಿಲ್ಲ. ಹಾಗಾಗಿ ತಿರುಗುತ್ತಿರುವಾಗಲೇ ಶತ್ರು ಎದುರಿಗೆ ಸಿಕ್ಕ ಕ್ಷಣ ಗುಂಡು ಹಾರಿಸಬೇಕಿತ್ತು. ಹಡಗಿನ ಮುಂದು ಯಾವುದು, ಹಿಂದು ಯಾವುದು ಅಂತ ತಿಳಿಯಲು ನೆಲದ ಮೇಲೆ ಬಿಳಿ ಗುರುತು ಹಾಕಿದ್ದರು, ಕಾಳಗದ ಗಡಿಬಿಡಿಯಲ್ಲಿ ಅವು ಅಳಿಸಿಹೋದವು. ಕ್ಯಾಪ್ಟನ್ ಜಾನ್ ವರ್ಡನ್ ಇದ್ದದ್ದು ಮುಂದಿನ ಬೇರೊಂದು ಗೂಡಿನಲ್ಲಿ. ಮಾತಾಡುವ ಕೊಳವೆ ಕೆಟ್ಟಿತು. ಆಮೇಲೆ ಆಳುಗಳು ಡೆಕ್ಕಿನ ಕೆಳಗೆ ಓಡಾಡಿ ಆಜ್ಞೆ ಮುಟ್ಟಿಸಿದರು. ಗುಂಡು ಬಡಿದಾಗ ಗೋಡೆಗೆ ಒರಗಿ ನಿಂತವನು ಪ್ರಜ್ಞೆ ತಪ್ಪಿ ಬಿದ್ದ. ಕಬ್ಬಿಣ ತೂತಾಗಿರಲಿಲ್ಲ, ಪೆಟ್ಟು ಮಾತ್ರ ಆಚೆಯಿಂದ ಈಚೆಗೆ ದಾಟಿತ್ತು.

ಮಾರ್ಚ್ 9ರಂದು ಸುಮಾರು ನಾಲ್ಕು ಗಂಟೆ ಹೀಗೇ ನಡೆಯಿತು, ಕೆಲವೊಮ್ಮೆ ಮೈಗೆ ಮೈ ತಾಗುವಷ್ಟು ಹತ್ತಿರದಿಂದ. ಎರಡೂ ಮುಳುಗಲಿಲ್ಲ. ಇದಕ್ಕೆ ಕಬ್ಬಿಣದ ಗಟ್ಟಿತನವೊಂದೇ ಕಾರಣವಲ್ಲ. ಫಿರಂಗಿ ಒಡೆದೀತು ಅನ್ನುವ ಭಯದಿಂದ ಮಾನಿಟರ್‌ಗೆ ಪ್ರತಿ ಗುಂಡಿಗೆ 15 ಪೌಂಡ್ ಮದ್ದು ಮಾತ್ರ ಅಂತ ಕಟ್ಟಪ್ಪಣೆಯಿತ್ತು. ಅತ್ತ ವರ್ಜೀನಿಯಾ ಹೊರಟಿದ್ದು ಮರದ ಹಡಗುಗಳ ಬೇಟೆಗೆ. ಅದರ ಬಳಿ ಇದ್ದದ್ದು ಹೆಚ್ಚಾಗಿ ಶೆಲ್. ಕಬ್ಬಿಣ ಒಡೆಯಲು ಬೇಕಾದ ಗಟ್ಟಿ ಗುಂಡು ಇರಲಿಲ್ಲ. ಗೂಡಿಗೆ ಶೆಲ್ ಬಡಿದು ವರ್ಡನ್‌ನ ಕಣ್ಣಿಗೆ ಏಟಾಯಿತು, ಮಾನಿಟರ್ ಸ್ವಲ್ಪ ಹಿಂದೆ ಸರಿಯಿತು, ವರ್ಜೀನಿಯಾ ಮನೆಕಡೆ ತಿರುಗಿತು. ಗೆದ್ದವರು ಯಾರು ಅಂತ ಕೇಳಿದರೆ, ಹಡಗಿನ ಲೆಕ್ಕದಲ್ಲಿ ಸಮ. ಆದರೆ ದಿಗ್ಬಂಧನ ಮುರಿಯಲಿಲ್ಲವಾದ್ದರಿಂದ ಲಾಭ ಉತ್ತರದವರಿಗೇ ಅಂತ ನನ್ನ ಉತ್ತರ.

ಆ ವರ್ಷ ಮುಗಿಯುವುದರೊಳಗೆ ಎರಡೂ ಹೋದವು. ಮೇ ತಿಂಗಳಲ್ಲಿ ವರ್ಜೀನಿಯಾವನ್ನು ಅದರ ಸಿಬ್ಬಂದಿಯೇ ಸಿಡಿಸಿದರು. ಡಿಸೆಂಬರ್ 31ರಂದು ಹ್ಯಾಟೆರಸ್ ಭೂಶಿರದ ಹತ್ತಿರ ಬಿರುಗಾಳಿಗೆ ಸಿಕ್ಕಿ ಮಾನಿಟರ್ ಮುಳುಗಿತು.

ಮುಂದೇನಾಯಿತು ಅನ್ನುವುದು ಸ್ವಲ್ಪ ತಮಾಷೆಯಾಗಿದೆ. ಗುಂಡಿಗೆ ಕಬ್ಬಿಣ ಬಗ್ಗುತ್ತಿಲ್ಲ, ಹಾಗಾದರೆ ಗುದ್ದೋಣ ಅಂತ ನೌಕಾಪಡೆಗಳು ಹೊರಟವು. 1866ರ ಲಿಸ್ಸಾ ಕಾಳಗದಲ್ಲಿ ಆಸ್ಟ್ರಿಯಾದ ಹಡಗು ಇಟಲಿಯ ಹಡಗಿಗೆ ಗುದ್ದಿ ಮುಳುಗಿಸಿದ್ದು ಈ ಹುಚ್ಚನ್ನು ಏರಿಸಿತು. ಹತ್ತಾರು ವರ್ಷ ಹಡಗುಗಳಿಗೆಲ್ಲ ರ‍್ಯಾಮ್ ಇಟ್ಟರು. ಅವು ಶತ್ರುಗಳಿಗಿಂತ ಸ್ವಂತದವರನ್ನೇ ಜಾಸ್ತಿ ಕಾಡಿದವು. 1893ರಲ್ಲಿ ಬರೀ ಕವಾಯತಿನ ವೇಳೆ ಬ್ರಿಟನ್ನಿನ ಕ್ಯಾಂಪರ್‌ಡೌನ್ ತನ್ನದೇ ಪಡೆಯ ವಿಕ್ಟೋರಿಯಾ ಹಡಗಿಗೆ ಗುದ್ದಿ 358 ಜನ ಸತ್ತರು. ಅತ್ತ ಫಿರಂಗಿಗೂ ಕಬ್ಬಿಣಕ್ಕೂ ಪೈಪೋಟಿ ನಡೆದೇ ಇತ್ತು. ವಾರಿಯರ್‌ನ ನಾಲ್ಕೂವರೆ ಇಂಚು 1876ರ ಇನ್‌ಫ್ಲೆಕ್ಸಿಬಲ್ ಹಡಗಿಗೆ ಬರುವಷ್ಟರಲ್ಲಿ 24 ಇಂಚಾಯಿತು.

ನಮ್ಮ ಕಡೆಗೂ ಇದರ ಒಂದು ಎಳೆ ಬರುತ್ತದೆ. ಮಾನಿಟರ್ ಮಾದರಿಯ ತಗ್ಗು ಡೆಕ್ಕಿನ, ಎರಡೆರಡು ಟರೆಟ್‌ಗಳ ಎರಡು ಹಡಗುಗಳನ್ನು ಬ್ರಿಟಿಷರು ಬಾಂಬೆ ಬಂದರಿನ ಕಾವಲಿಗೆಂದೇ ಕಟ್ಟಿಸಿದರು. ಮಗ್ದಾಲಾ ಮತ್ತು ಅಬಿಸೀನಿಯಾ, ಎರಡೂ 1870ರಲ್ಲಿ ನೀರಿಗಿಳಿದವು. ತೆರೆದ ಕಡಲಿಗೆ ಹೇಳಿ ಮಾಡಿಸಿದವಲ್ಲ. ಮಗ್ದಾಲಾ ಇಲ್ಲಿಗೆ ಬಂದು ಮುಟ್ಟಲು ತಾತ್ಕಾಲಿಕವಾಗಿ ಮೂರು ಕೂವೆಮರ ನಿಲ್ಲಿಸಿ ಹಾಯಿ ಕಟ್ಟಬೇಕಾಯಿತು. ಆಮೇಲೆ ಮೂವತ್ತು ವರ್ಷ ಅವು ಬಂದರಿನಲ್ಲೇ ಇದ್ದು, 20ನೇ ಶತಮಾನದ ಆರಂಭದಲ್ಲಿ ಗುಜರಿಗೆ ಹೋದವು.